ಯಾರ ಮೇಲೂ ದೂರಿಲ್ಲದವನ ಪ್ರಮಾಣಪತ್ರ

ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯದಿಂದ ಬಂದ ಪತ್ರವನ್ನು ಕಲಬುರಗಿಯ ಬ್ರಹ್ಮಪುರ ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಕುಳಿತು ಓದುವಷ್ಟು ಸಹನೆ ಇರಲಿಲ್ಲ. ಅಂಕಗಳು ಸಾಕಷ್ಟಿವೆ, ಬಿ.ಎ. ತರಗತಿಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ ಎಂದು ಮೊದಲ ಸಾಲಿನಲ್ಲಿತ್ತು. ಅಡ್ಡಿ ಎರಡನೆಯ ಸಾಲಿನಲ್ಲಿತ್ತು. ಅಭ್ಯರ್ಥಿಯು ತನ್ನ ಹುಟ್ಟೂರಿನ ಇಬ್ಬರು ಪ್ರತಿಷ್ಠಿತ ಗೃಹಸ್ಥರಿಂದ ಸನ್ನಡತೆಯ ಪ್ರಮಾಣಪತ್ರ ಪಡೆದು, ಅದಕ್ಕೆ ತಹಶೀಲು ಕಚೇರಿಯ ಮೊಹರು ಹಾಕಿಸಿ, ಹನ್ನೆರಡು ದಿನಗಳೊಳಗೆ ಖುದ್ದಾಗಿ ತಂದು ಒಪ್ಪಿಸಬೇಕು. ತಪ್ಪಿದರೆ ಆ ಸ್ಥಾನ ಪಟ್ಟಿಯಲ್ಲಿ ಮುಂದಿರುವವನಿಗೆ ಹೋಗುತ್ತದೆ.

ನನ್ನ ಹುಟ್ಟೂರು ಕಮಲಾಪುರ. ಅಲ್ಲಿ ಪ್ರತಿಷ್ಠಿತರೆನಿಸಿಕೊಂಡವರು ಆರು ಮಂದಿ. ಆ ಆರೂ ಮಂದಿಯ ಮೇಲೆ ನಾನು ಸರ್ಕಾರಕ್ಕೆ ಅರ್ಜಿ ಬರೆದಿದ್ದೆ.

ಈ ಅಭ್ಯಾಸ ನನಗೆ ಬಂದದ್ದು ಚಿಕ್ಕಂದಿನಲ್ಲಿ ಓದಿದ ಶಾಲೆಯಿಂದ. ಪುಣೆಯಲ್ಲಿ ಕಲಿತು ಬಂದ, ಹೊಸ ಶಿಕ್ಷಣದಲ್ಲಿ ಅಪಾರ ನಂಬಿಕೆಯಿದ್ದ ಗುರುಗಳೊಬ್ಬರು ಅದನ್ನು ಕಲಬುರಗಿಯಲ್ಲಿ ನಡೆಸುತ್ತಿದ್ದರು. ಅಲ್ಲಿ ಬೆತ್ತವಿರಲಿಲ್ಲ, ಬಾಯಿಪಾಠವಿರಲಿಲ್ಲ. ಅದರ ಬದಲು ಪ್ರತಿ ಸಂಜೆ ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು, ಆ ದಿನ ಕಣ್ಣಾರೆ ಕಂಡ ಒಂದು ಅನ್ಯಾಯವನ್ನು ಹೇಳಬೇಕಿತ್ತು. ಯಾವುದೂ ಕಾಣಲಿಲ್ಲ ಎಂದವನಿಗೆ ಗುರುಗಳು ಬಹಳ ಶಾಂತವಾಗಿ, "ಹೋಗು, ಕಣ್ಣು ತೊಳ್ಕೊಂಡು ಬಾ" ಎನ್ನುತ್ತಿದ್ದರು. ಬಾವಿ ದೂರವಿತ್ತು. ಹೀಗಾಗಿ ನಮಗೆಲ್ಲ ಅನ್ಯಾಯಗಳು ಬೇಗಬೇಗ ಕಾಣತೊಡಗಿದವು. ಬೇರೆ ಹುಡುಗರಿಗೆ ಶಾಲೆ ಬಿಟ್ಟ ಮೇಲೆ ಅವು ಕಾಣುವುದು ನಿಂತುಹೋಯಿತು. ನನಗೆ ನಿಲ್ಲಲಿಲ್ಲ. ಅದಕ್ಕಾಗಿ ನಾನು ಇಂದಿಗೂ ಪಶ್ಚಾತ್ತಾಪ ಪಟ್ಟಿಲ್ಲ.

ಆ ಶಾಲೆಯಿಂದ ನಾನು ಸೇರಿದ್ದು ಕಲಬುರಗಿಯ ಸಣ್ಣ ಕಾಲೇಜಿಗೆ. ಇಂಟರ್‌ವರೆಗೆ ಮಾತ್ರ ಪಾಠ. ಮುಂದೆ ಓದಬೇಕಾದರೆ ಹೈದರಾಬಾದಿಗೆ ಹೋಗಬೇಕು, ಅಲ್ಲಿಯವರು ಜಿಲ್ಲೆಗಳಿಂದ ಆರಿಸಿಕೊಳ್ಳುವುದು ಬೆರಳೆಣಿಕೆಯ ಮಂದಿಯನ್ನು. ನಮ್ಮ ಕಾಲೇಜಿನಲ್ಲಿ ನಾಲ್ಕು ಕೋಣೆ, ಐವರು ಅಧ್ಯಾಪಕರು, ಒಂದು ಗಡಿಯಾರ. ಪ್ರಿನ್ಸಿಪಾಲ್ ಸಾಹೇಬರು ಬಂದ ಮೇಲೆಯೇ ಆ ಗಡಿಯಾರದಲ್ಲಿ ಹತ್ತು ಹೊಡೆಯುತ್ತಿತ್ತು; ಅದನ್ನು ನಾನು ಲಿಖಿತವಾಗಿ ಪ್ರಶ್ನಿಸಿದ್ದೆ. ಜವಾನನ ಕೈಯಲ್ಲಿ ಅವರ ಮನೆಗೆ ತರಕಾರಿ ತರಿಸುವುದನ್ನು ಪ್ರಶ್ನಿಸಿದ್ದೆ. ಕನ್ನಡ ಮಾತಾಡುವ ಮಕ್ಕಳಿಗೆ ಚರಿತ್ರೆ, ಗಣಿತ, ತರ್ಕ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸಿ, ಕನ್ನಡಕ್ಕೆ ವಾರದಲ್ಲಿ ಒಂದು ಗಂಟೆಯನ್ನೂ ಕೊಡದಿರುವುದನ್ನು ಮೂರು ಸಲ ಪ್ರಶ್ನಿಸಿದ್ದೆ. ಆ ಮೂರೂ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದುಕೊಡಬೇಕಾಯಿತು ಎಂಬುದನ್ನು ನಾಲ್ಕನೆಯ ಅನ್ಯಾಯವಾಗಿ ಸೇರಿಸಿದ್ದೆ.

ಇಷ್ಟೆಲ್ಲ ಆದ ಮೇಲೆ ವರ್ಗಾವಣೆ ಪತ್ರ ಕೇಳಲು ಪ್ರಿನ್ಸಿಪಾಲ್ ಸಾಹೇಬರ ಎದುರು ಹೋಗಿ ನಿಂತೆ. ಅವರು ಹೈದರಾಬಾದಿನ ಪತ್ರವನ್ನು ಎರಡು ಸಲ ಓದಿದರು.

"ಭಾಳ ಛಲೋ ಆತು. ಯಾವಾಗ ಹೋಗ್ತಿ?"

"ಇನ್ನೂ ಊರಿಂದ ಪ್ರಮಾಣಪತ್ರ ತರಬೇಕ್ರಿ."

"ಅದೆಲ್ಲಾ ಆಗ್ತದ ತಮ್ಮಾ. ಹೋಗೋದು ಯಾವಾಗ?"

ಬೇರೆ ವಿದ್ಯಾರ್ಥಿಗಳನ್ನು ಎಂಟು ದಿನ ಅಲೆದಾಡಿಸುವ ವರ್ಗಾವಣೆ ಪತ್ರ ನನಗೆ ಅವರ ಚಹಾ ಆರುವುದರೊಳಗೆ ಸಿಕ್ಕಿತು. ಇತರರಿಗೆ ಇಲ್ಲದ ಈ ತ್ವರೆ ನನಗೇಕೆ ಎಂದು ಕೇಳಲು ಬಾಯಿ ತೆರೆದೆ. ಅವರು ಕೈಮುಗಿದರು. ಹಿರಿಯರು ಕೈಮುಗಿದ ಮೇಲೆ ಮುಂದುವರಿಯುವುದು ಸರಿಯಲ್ಲವೆಂದು ಹೊರಟುಬಂದೆ.

ಪ್ರಮಾಣಪತ್ರದ ಒಕ್ಕಣೆಯನ್ನು ತಹಶೀಲು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂರುವ ಅರ್ಜಿ ಬರೆಯುವ ವೃದ್ಧರಿಂದಲೇ ಬರೆಸಬೇಕಿತ್ತು. ಪ್ರಮಾಣಪತ್ರದಲ್ಲಿ ಬೇರೆಯವರ ಅಕ್ಷರವಿದ್ದರೆ ಕಚೇರಿಯವರು ಮುಟ್ಟುತ್ತಿರಲಿಲ್ಲ; ಅರ್ಜಿಗಳಿಗೆ ಆ ಕಟ್ಟುಪಾಡಿರಲಿಲ್ಲ. ಬಿಳಿ ಗಡ್ಡ, ಕಿವಿಯಲ್ಲಿ ಸಿಕ್ಕಿಸಿದ ಲೇಖನಿ, ಮುಂದೆ ಒಂದು ಸಣ್ಣ ಡೆಸ್ಕು. ಅವರಿಗೆ ನನ್ನ ಪರಿಚಯ ಚೆನ್ನಾಗಿತ್ತು. ನನ್ನ ಅರ್ಜಿಗಳ ಉರ್ದುವನ್ನು ತಿದ್ದಿಕೊಟ್ಟವರು ಅವರೇ. ಅವರು ಏನನ್ನೂ ಕೇಳದೆ ಕಾಗದವನ್ನು ಮುತ್ತಿನಂಥ ಅಕ್ಷರಗಳಿಂದ ತುಂಬಿಸಿ ಓದಿ ಹೇಳಿದರು. ನಾನು ಒಳ್ಳೆಯ ಮನೆತನದವನು, ಹಿರಿಯರಿಗೆ ವಿಧೇಯನು, ಊರಿನಲ್ಲಿ ಯಾರ ಮೇಲೂ ಯಾವ ದೂರೂ ಇಲ್ಲದವನು, ಕೊಟ್ಟದ್ದನ್ನು ತಿಂದು ಹೇಳಿದ್ದನ್ನು ಕೇಳಿ ಬೆಳೆದವನು.

"ಚಾಚಾ, ಮೂರನೇ ಮಾತು ಸುಳ್ಳದರಿ," ಎಂದೆ. "ನಾಲ್ಕನೇದೂ."

"ಅರೆ ಬೇಟಾ, ಇದು ನಮೂನಾ ಅದ. ನಮೂನಾದಾಗ ಯಾರರೆ ಖರೇ ಹುಡುಕ್ತಾರೇನು?"

"ಆ ಸಾಲು ತೆಗೀರಿ."

"ತೆಗೀತೀನಿ. ಆಮ್ಯಾಲ ಮೊಹರು ನಿನ್ನ ಹಣೀಮ್ಯಾಲ ಹೊಡಸ್ಕೋತೀ ಏನು? ಮೂವತ್ತು ವರ್ಷ ಆತು, ಇದ ಸಾಲು ಬರೀಲಾಕತ್ತೀನಿ. ಕಳ್ಳರಿಗೂ ಬರ್ದೀನಿ. ಯಾರೂ ತಕರಾರು ಮಾಡಿಲ್ಲ, ನೀನೇ ಮೊದಲ್ನೇವ."

ಊರಿಗೆ ಹೋಗಿ, ಸಹಿ ಮಾಡುವವರ ಕೈಯಿಂದಲೇ ಆ ಸಾಲನ್ನು ಹೊಡೆಸಿಹಾಕೋಣವೆಂದು ನಿಶ್ಚಯಿಸಿ ಕಾಗದವನ್ನು ತೆಗೆದುಕೊಂಡೆ. ಸಹಿ ಮಾಡಲು ಅವರೇ ಒಪ್ಪುವುದಿಲ್ಲ ಎಂಬ ಭಯ ಬೇರೆ ಇತ್ತು. ಮೋಟಾರಿನಲ್ಲಿ ಕಮಲಾಪುರ ಮುಟ್ಟುವವರೆಗೂ ಒಂದು ಭಾಷಣವನ್ನು ಸಿದ್ಧಪಡಿಸಿಕೊಂಡೆ. ನಿಮ್ಮ ಸಹಿಗಾಗಿ ನನ್ನ ಯಾವ ಅರ್ಜಿಯನ್ನೂ ನಾನು ಹಿಂತೆಗೆದುಕೊಳ್ಳಲಾರೆ ಎಂಬುದು ಅದರ ಸಾರ.

ಊರಿನ ಮಾಲಿಪಾಟೀಲರು, ಅಂದರೆ ಕಂದಾಯ ನೋಡಿಕೊಳ್ಳುವ ಗೌಡರು, ತಮ್ಮ ಕಟ್ಟೆಯ ಮೇಲೆ ಅಂಗಡಿಯ ಸಾವುಕಾರರ ಜೊತೆ ಕುಳಿತಿದ್ದರು. ಇವರಲ್ಲಿ ಸಾವುಕಾರರ ಮೇಲೆ ನಾನು ಬರೆದದ್ದು ಅವರ ಸೇರಿನ ಅಳತೆಯ ಬಗ್ಗೆ. ಪಾಟೀಲರ ಮೇಲೆ ಬರೆದದ್ದು ಬಿಟ್ಟಿಯ ಬಗ್ಗೆ. ಅಧಿಕಾರಿಗಳು ಊರಿಗೆ ಮೊಕ್ಕಾಂ ಬಂದಾಗ ಅವರ ಪೆಟ್ಟಿಗೆ, ಹಾಸಿಗೆ, ಪಾತ್ರೆಗಳನ್ನು ಮುಂದಿನ ಊರಿನವರೆಗೆ ಹೊತ್ತು ಮುಟ್ಟಿಸುವ ಕೆಲಸ ಹೊರಕೇರಿಯವರದು. ಅದಕ್ಕೆ ಕೂಲಿಯಿಲ್ಲ, ಬಾರೆನೆನ್ನುವ ಹಕ್ಕಿಲ್ಲ, ಸುಗ್ಗಿಯ ದಿನವೆಂಬ ವಿನಾಯಿತಿಯಿಲ್ಲ. ನಾನು ಬರೆದ ಎಲ್ಲ ಅರ್ಜಿಗಳಲ್ಲಿ ಅದೊಂದು ಮಾತ್ರ ತಹಶೀಲಿನಲ್ಲಿ ಇನ್ನೂ ಜೀವಂತವಾಗಿತ್ತು.

ನನ್ನ ಭಾಷಣದ ಮೊದಲ ವಾಕ್ಯವೂ ಮುಗಿದಿರಲಿಲ್ಲ.

"ತಾ ಇಲ್ಲಿ," ಎಂದು ಪಾಟೀಲರು ಕಾಗದ ಕಸಿದುಕೊಂಡು ಸಹಿ ಹಾಕಿದರು. "ಒಂದ ಸಾಕೇನೋ ತಮ್ಮಾ, ಇನ್ನೊಂದ ಮಾಡ್ಲೇನು?"

"ನಂದೂ ತಗೋ," ಎಂದು ಸಾವುಕಾರರು ಲೇಖನಿಗೆ ಕೈಚಾಚಿದರು. "ಹೈದರಾಬಾದ್ ದೂರ ಅದ ಅಲ್ಲಾ?"

"ದೂರ ಅಂದ್ರ ದೂರ. ವಾಡಿ ಜಂಕ್ಷನ್‍ದಾಗ ಗಾಡಿ ಬದಲಿ ಮಾಡಬೇಕು," ಎಂದು ಪಾಟೀಲರು ಸಂತೃಪ್ತಿಯಿಂದ ಹೇಳಿ, ಒಳಗಿನಿಂದ ನಮ್ಮೂರಿನ ಕೆಂಪು ಬಾಳೆಹಣ್ಣಿನ ಒಂದು ಗೊನೆ ತರಿಸಿ ನನ್ನ ಪಕ್ಕದಲ್ಲಿಡಿಸಿದರು. "ದಾರ್ಯಾಗ ತಿನ್ನು."

ನಾನು ಮೂರನೆಯ ಸಾಲನ್ನು ತೋರಿಸಿ, ಇದು ಸುಳ್ಳು, ನಿಮ್ಮ ಮೇಲೆ ನನ್ನ ದೂರಿದೆ, ದಯವಿಟ್ಟು ಇದನ್ನು ಹೊಡೆದುಹಾಕಿ ಎಂದೆ. ಪಾಟೀಲರು ನಕ್ಕರು. ಅವರು ಕಪಟಿಯಲ್ಲ, ಮಾಡುವ ಅನ್ಯಾಯವನ್ನು ಬಿಡಿಸಿ ಹೇಳಿಯೇ ಮಾಡುವವರು.

"ಅದ ಒಂದ ಸಾಲಿಗೆ ನಾ ಸಹಿ ಮಾಡೀನಿ ತಮ್ಮಾ. ನೀ ಬರೆದ ಬಿಟ್ಟಿ ಅರ್ಜಿ ತಹಶೀಲಿನ ಪೇಷ್ಕಾರ ಸಾಹೇಬ್ರ ಮೇಜಿನ ಮ್ಯಾಲ ಅದ. ಈ ಕಾಗದಕ್ಕ ಮೊಹರು ಹಾಕೋವ್ರೂ ಅವ್ರೇ. ಯಾರ ಮ್ಯಾಲೂ ದೂರಿಲ್ಲ ಅಂತ ನೀನೇ ಕಾಗದ ಒಯ್ದ ಕೊಟ್ಟಿ ಅಂದ್ರ, ಆ ಅರ್ಜಿ ಗಂಟು ಕಟ್ಟಿ ಹಳೇ ಕಾಗದದ ದಫ್ತರಿಗೆ ಒಗೀತಾರ. ನೀ ಹೈದರಾಬಾದಿಗೆ, ಅದು ದಫ್ತರಿಗೆ. ಇಬ್ಬರಿಗೂ ಛಲೋ ಜಾಗಾ."

ಈ ಮಾತಿನ ಸ್ಪಷ್ಟತೆಯನ್ನು ನಾನು ಮೆಚ್ಚಲೇಬೇಕಾಯಿತು. ಸ್ಥಾನ ಬೇಕಾದರೆ ಅರ್ಜಿಯನ್ನು ಕೊಲ್ಲಬೇಕು. ಅರ್ಜಿ ಉಳಿಯಬೇಕಾದರೆ ಹೈದರಾಬಾದನ್ನು ಮರೆಯಬೇಕು. ಗಡುವಿಗೆ ಆರು ದಿನ ಉಳಿದಿದ್ದವು.

ಮನೆಗೆ ಹೋದಾಗ ಅವ್ವ ಬಾಳೆಗೊನೆಯನ್ನು ನೋಡಿ, "ಪಾಟೀಲ್ರು ಕೊಟ್ರೇನು? ಸಾಯೋವ್ರಿಗೂ ಒಂದು ಹಣ್ಣು ಕೊಡದ ಮನಿ ಅದು. ಊರಾನ ಮಂದಿಗೆಲ್ಲಾ ಎಷ್ಟ ಬ್ಯಾಸರಾಗೀದಿಯೋ ನನ ಮಗನ!" ಎಂದಳು. ನಾನು ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದಾಗ ನಿರ್ಧಾರವಾಗಿತ್ತು: ಹೈದರಾಬಾದಿನ ಸ್ಥಾನವನ್ನು ಬಿಟ್ಟುಕೊಡುವುದು. ಯಾರಿಗಾಗಿ ಬಿಡುತ್ತಿದ್ದೇನೋ ಅವರಿಗೆ ಅದನ್ನು ತಿಳಿಸುವುದು ಸೌಜನ್ಯವೆಂದು ಹೊರಕೇರಿಗೆ ಹೊರಟೆ.

ಬಿಟ್ಟಿ ಹೊರುವವರಲ್ಲಿ ಹಿರಿಯನಾದ ಮುದುಕ ತನ್ನ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಎದ್ದು ನಿಂತು "ಬರ್ರಿ ಧಣಿ" ಎಂದ. ಧಣಿ ಎನ್ನಬೇಡ, ನಾವೆಲ್ಲ ಸಮಾನರು ಎಂದು ಹೇಳಿದೆ. "ಆಯ್ತ್ರಿ ಧಣಿ, ಇನ್ಮುಂದ ಅನ್ನಂಗಿಲ್ರಿ" ಎಂದ. ಸಮಾನತೆಯನ್ನು ಆಚರಣೆಯಲ್ಲಿ ತೋರಿಸಬೇಕೆಂದು ಕುಡಿಯಲು ನೀರು ಕೇಳಿದೆ. ಅವನ ಹೆಂಡತಿ ಒಮ್ಮೆ ನನ್ನನ್ನೂ ಒಮ್ಮೆ ಬರಿದಾದ ಕೊಡವನ್ನೂ ನೋಡಿ, ಕೊಡವೆತ್ತಿಕೊಂಡು ಹೊರಟಳು. ಊರ ಬಾವಿಯಲ್ಲಿ ಅವರು ಸೇದುವಂತಿರಲಿಲ್ಲ. ಹಳ್ಳಕ್ಕೆ ಹೋಗಿ ಬರಬೇಕು. ನನ್ನ ತತ್ತ್ವಕ್ಕಾಗಿ ಆಕೆ ಬಿಸಿಲಲ್ಲಿ ಅರ್ಧ ಹರದಾರಿ ನಡೆದಳು. ಬಾವಿಯ ಅನ್ಯಾಯದ ಬಗ್ಗೆ ನಾನು ಎಷ್ಟೋ ಸಲ ಬರೆದಿದ್ದೆ. ಆ ನೀರು ಎಷ್ಟು ದೂರದಿಂದ ಬರುತ್ತದೆ ಎಂಬುದು ತಿಳಿದದ್ದು ಅಂದೇ, ಅದೂ ಕಾಯುತ್ತಾ ಕುಳಿತಾಗ.

ಆ ಹೊತ್ತಿನಲ್ಲಿ ನನ್ನ ತ್ಯಾಗದ ಸುದ್ದಿಯನ್ನು ಹೇಳಿದೆ. ಮುದುಕ ಹಗ್ಗ ಹೊಸೆಯುವುದನ್ನು ನಿಲ್ಲಿಸಿದ.

"ಯಾವ ಅರ್ಜಿರೀ?"

"ಬಿಟ್ಟಿ ನಿಲ್ಲಿಸಬೇಕು ಅಂತ ಹೋದ ವರ್ಷ ನಾ ಬರ್ದಿದ್ದು. ಅದರ ವಿಚಾರಣೆಗೇ ಅಲ್ಲೇನು ಸಾಹೇಬ್ರು ಬಂದಿದ್ದು?"

"ಯಾವ ಸಾಹೇಬ್ರು? ಮೂರು ಪೆಟ್ಟಗಿ, ಲೋಖಂಡದ ಮಂಚ, ಕೋಳಿ ಪಂಜರ ತಂದಿದ್ರಲ್ಲ, ಅವ್ರೇನು?"

"ಅವರೇ."

"ಅವ್ರು ನಮ್ಮ ಸಲುವಾಗಿ ಬಂದಿದ್ರಾ?" ಮುದುಕ ಕೇರಿಯ ಕಡೆ ತಿರುಗಿ ಕೂಗಿದ. "ಏ ಬರ್ರೋ ಇಲ್ಲಿ! ಆವತ್ತು ಆ ಮಂಚ ಹೊತ್ತಿವಿ ನೋಡ್ರಿ, ಅದನ್ನ ತರಿಸಿದವ್ರು ಇವ್ರಂತ!"

ಐವರು ಗಂಡಸರು ಬಂದು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ಬಿಟ್ಟಿಯ ಅನ್ಯಾಯವನ್ನು ವಿಚಾರಿಸಲು ಬಂದ ಅಧಿಕಾರಿಯ ಸಾಮಾನನ್ನು ಇವರು ಬರುವಾಗ ಮೂರು ಹರದಾರಿ, ಹೋಗುವಾಗ ಮೂರು ಹರದಾರಿ ಬಿಟ್ಟಿಯಲ್ಲೇ ಹೊತ್ತಿದ್ದರು. ಇವರನ್ನು ಅವನು ಒಂದು ಮಾತೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅರ್ಜಿಯಲ್ಲಿದ್ದದ್ದು ನನ್ನ ಒಬ್ಬನ ಹೆಸರು, ನನ್ನ ಸಹಿ, ನನ್ನ ಕೋಪ. ಹೊರುವವರನ್ನು ಕೇಳದೆ ಹೊರೆಯ ಬಗ್ಗೆ ಬರೆಯುವುದು ಅನ್ಯಾಯ. ಆ ಸಂಜೆ ಶಾಲೆಯಲ್ಲಿ ನಿಂತಿದ್ದರೆ ನಾನು ಹೇಳಬೇಕಾಗಿದ್ದದ್ದು ಅದನ್ನೇ.

"ಮತ್ತ ಬಿಟ್ಟಿ ನಿಲ್ಲಬಾರದೇನು?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಯಾಕ ನಿಲ್ಲಬಾರದ್ರಿ? ನೀವು ಓದಾಕ ಹೋಗ್ರಿ. ನಿಮ್ಮ ಅರ್ಜಿ ಸತ್ರ ಸಾಯಲಿ. ನಮಗೇನು ಹೆಬ್ಬೆಟ್ಟಿಲ್ಲೇನು? ಈಗ ನಾ ಹೇಳ್ತೀನಿ, ನೀವು ಬರೀರಿ," ಎಂದ ಮುದುಕ.

ನಾನು ಕಾಗದ ತೆಗೆದು, "ಮಾನವ ಕುಲದ ಘನತೆಗೆ ಕುಂದು ತರುವ" ಎಂದು ಆರಂಭಿಸಿ ಓದಿ ಹೇಳಿದೆ.

"ಅದು ಎಷ್ಟ ಭಾರ ಇರ್ತದರೀ?" ಎಂದು ಮುದುಕ ಕೇಳಿದ. "ಪೆಟ್ಟಗಿ ಭಾರ ಬರೀರಿ. ಮಂಚದ್ದು ಬರೀರಿ. ಕೋಳಿ ಹ್ಯಾಂಗ ಕುಕ್ಕತಾವ ಬರೀರಿ. ಇನ್ನ ವಿಚಾರಣಾಕ್ಕ ಯಾರ ಬಂದ್ರೂ ತಮ್ಮ ಸಾಮಾನು ಬಂಡ್ಯಾಗ ಹಾಕ್ಕೊಂಡ ಬರಬೇಕು, ಇಲ್ಲಾಂದ್ರ ಬರೋದ ಬ್ಯಾಡ ಅಂತ ಮೊದಲ ಬರೀರಿ."

ಹಾಗೆಯೇ ಬರೆದೆ. ನನ್ನ ಜೀವನದಲ್ಲಿ ಅಷ್ಟು ಚಿಕ್ಕ ಅರ್ಜಿಯನ್ನು ನಾನು ಬರೆದಿರಲಿಲ್ಲ. ಹಂಚಿನ ಮಸಿಗೆ ಎಣ್ಣೆ ಕಲಸಿ ಆರು ಮಂದಿ ಹೆಬ್ಬೆಟ್ಟು ಒತ್ತಿದರು. ನೀರು ಬಂತು. ಕುಡಿದೆ.

ಮರುದಿನ ನನ್ನ ಪ್ರಮಾಣಪತ್ರವನ್ನೂ ಅವರ ಅರ್ಜಿಯನ್ನೂ ಹಿಡಿದುಕೊಂಡು ಮುದುಕನೂ ನಾನೂ ಕಲಬುರಗಿಗೆ ಹೊರಟೆವು. ಮೋಟಾರಿನವನು ಅವನನ್ನು ಒಳಗೆ ಕೂರಿಸಲು ಒಪ್ಪಲಿಲ್ಲ, ಹಾಗಾದರೆ ನಾನೂ ಕೂರುವುದಿಲ್ಲ ಎಂದು ಪ್ರತಿಭಟಿಸಿ ಇಳಿದೆ. ಮೋಟಾರಿನವನು ನನ್ನ ಪ್ರತಿಭಟನೆಯನ್ನು ಗಮನಿಸದೆ ಹೊರಟುಹೋದ. ಮೂರು ಹರದಾರಿಯಾಗುವುದರೊಳಗೆ ನನ್ನ ಎರಡೂ ಕಾಲಲ್ಲಿ ಬೊಕ್ಕೆಗಳೆದ್ದವು. ಹೈದರಾಬಾದಿಗೆಂದು ಪುಸ್ತಕ ತುಂಬಿದ್ದ ನನ್ನ ಟ್ರಂಕನ್ನು ಮುದುಕ ತಲೆಯ ಮೇಲಿಟ್ಟುಕೊಂಡ. ನಾನು ತಡೆದೆ. ಬಿಟ್ಟಿಯ ವಿರುದ್ಧ ಅರ್ಜಿ ಕೊಡಲು ಹೋಗುವಾಗ ಇದೇನು ಎಂದು ಕೇಳಿದೆ.

"ಇದು ಬಿಟ್ಟಿ ಅಲ್ರಿ," ಎಂದ ಅವನು. "ನೀವು ಕುಂಟಾಕತ್ತೀರಿ. ನಾ ಒಲ್ಲೆ ಅಂದ್ರ ನನ್ನ ಯಾರೂ ಹೊಡ್ಯಂಗಿಲ್ಲ. ಅಷ್ಟ ಫರಕ." ಸ್ವಲ್ಪ ದೂರ ಹೋಗಿ, "ಆದ್ರ ಭಾರ ಮಾತ್ರ ಅಷ್ಟ ಅದರಿ, ಧಣಿ," ಎಂದ.

ತಹಶೀಲು ಕಚೇರಿಯ ಕಾಗದಪತ್ರಗಳ ಯಜಮಾನರಾದ ಪೇಷ್ಕಾರ ಸಾಹೇಬರ ಮೇಜಿನ ಮುಂದೆ ಮರುದಿನ ಸರದಿಯಲ್ಲಿ ನಿಂತೆವು. ನಾನು ಮುಂದೆ, ಮುದುಕ ನನ್ನ ಹಿಂದೆ. ಪೇಷ್ಕಾರರು ನನ್ನ ಪ್ರಮಾಣಪತ್ರವನ್ನು ಬಹಳ ಪ್ರೀತಿಯಿಂದ ಸ್ವೀಕರಿಸಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ನನ್ನ ಹಳೆಯ ಅರ್ಜಿ ಅವರ ಪಕ್ಕದಲ್ಲೇ ಸಿದ್ಧವಾಗಿತ್ತು. ಅದರ ಮೇಲೆ "ಅರ್ಜಿದಾರನಿಗೆ ದೂರಿಲ್ಲ" ಎಂದು ಬರೆದು ಮೂಲೆಗೆ ಎಸೆದರು. ಪ್ರಮಾಣಪತ್ರಕ್ಕೆ ಮೊಹರು ಒತ್ತಿ, ಮಸಿ ಆರಲೆಂದು ಮರಳು ಉದುರಿಸಿ ಮೇಜಿನ ಮೇಲೆ ಬಿಟ್ಟರು.

"ಮುಂದ ಯಾರು?"

ಮುದುಕ ತನ್ನ ಕಾಗದವನ್ನಿಟ್ಟ. ಪೇಷ್ಕಾರರು ಓದುತ್ತ ಹೋದಂತೆ ಅವರ ಎಡಗೈ ತಾನಾಗಿ ಬಂದು ನನ್ನ ಪ್ರಮಾಣಪತ್ರದ ಮೇಲೆ ಕುಳಿತಿತು.

"ಈ ಅಕ್ಷರ ಯಾರದು?"

"ಹೆಬ್ಬೆಟ್ಟು ನಮ್ಮವ್ರಿ," ಎಂದ ಮುದುಕ.

"ಹೆಬ್ಬೆಟ್ಟ ಕೇಳಲಿಲ್ಲ. ಅಕ್ಷರ!"

ಏನೋ ಕೆಲಸಕ್ಕೆ ಒಳಗೆ ಬಂದಿದ್ದ ಅರ್ಜಿ ಬರೆಯುವ ಚಾಚಾ ಬಾಗಿಲ ಬಳಿ ಜೋರಾಗಿ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ತಿಳಿಯದೆ ಇರಲಿಲ್ಲ. ಆದರೂ, "ಅಕ್ಷರ ನಂದರಿ. ಮಾತು ಅವ್ರದು," ಎಂದೆ.

"ಯಾರ ಮ್ಯಾಲೂ ದೂರಿಲ್ಲ ಅಂತ ಈಗಿನ್ನ ನಿನಗ ಮೊಹರು ಹೊಡ್ದೀನಲ್ಲೋ!"

"ಆ ಮಾತು ಸುಳ್ಳು ಅಂತ ಮೊದಲಿಂದ ಎಲ್ಲರಿಗೂ ಹೇಳೀನ್ರಿ. ಯಾರೂ ಹೊಡೆದು ಹಾಕಲಿಲ್ಲ. ಹಳೇ ಅರ್ಜಿ ನಾ ಇವ್ರನ್ನ ಕೇಳದ ಬರ್ದಿದ್ದೆ, ತಾವು ಮುಚ್ಚಿದ್ದು ಛಲೋ ಆತು. ಇದು ಇವ್ರದು. ಇದನ್ನ ನನ್ನ ಕಾಗದ ಮುಚ್ಚಲಿಕ್ಕೆ ಬರೂದಿಲ್ಲ."

"ಈ ಪ್ರಮಾಣಪತ್ರ ಹರಿದು ಒಗದ್ರ?"

"ನನ್ನ ಸ್ಥಾನ ಹೋಗ್ತದರಿ."

"ಹೋದ್ರ? ಆಮ್ಯಾಲೇನ ಮಾಡ್ತಿ?"

ಪ್ರಶ್ನೆ ನ್ಯಾಯವಾಗಿತ್ತು, ಆದ್ದರಿಂದ ಯೋಚಿಸಿ ಪ್ರಾಮಾಣಿಕವಾಗಿ ಉತ್ತರಿಸಿದೆ. ಹೆದರಿಸುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. "ಇಲ್ಲೇ ಇರ್ತೀನ್ರಿ. ಬ್ರಹ್ಮಪುರದ ಕೋಣಿ ಕಚೇರಿಗೆ ಸಮೀಪ ಅದ. ಕಾಲೇಜು ಇರೂದಿಲ್ಲ, ದಿನಾ ಬಂದು ಕೂಡಲಿಕ್ಕೆ ವ್ಯಾಳ್ಯಾ ಸಿಗ್ತದ. ಕಚೇರ್ಯಾಗೂ ನೋಡೂ ಅಂಥವು ಭಾಳ ಅವ."

ಪೇಷ್ಕಾರರ ಕೈ ಬಿಸಿ ಹಂಚಿಗೆ ತಗುಲಿದಂತೆ ಮೇಲೆದ್ದಿತು. ಅವರು ಕಾಗದದ ಮೇಲಿನ ಮರಳನ್ನು ತಾವೇ ಊದಿ, ತಾವೇ ಮಡಚಿ, ನನ್ನ ಅಂಗಿಯ ಜೇಬಿಗೆ ತಾವೇ ತುರುಕಿದರು. "ಗಾಡಿ ಎಷ್ಟಕ್ಕದ? ಏ ಯಾರಲ್ಲಿ, ಇವನಿಗೆ ಟೇಸನ್‌ತನಕ ಟಾಂಗಾ ಹಿಡೀರೋ!" ಆಮೇಲೆ, ಎದುರಿಗೆ ಇನ್ನೂ ನಿಂತೇ ಇದ್ದ ಮುದುಕನ ಕಾಗದಕ್ಕೆ ನಿಟ್ಟುಸಿರಿನೊಂದಿಗೆ ನೋಂದಣಿಯ ಅಂಕಿ ಹಾಕಿದರು.

ಹೈದರಾಬಾದಿಗೆ ನಾನು ಗಡುವಿಗೆ ಎರಡು ದಿನ ಮೊದಲೇ ಮುಟ್ಟಿದೆ. ವಿಶ್ವವಿದ್ಯಾಲಯದ ಗುಮಾಸ್ತನು ನನ್ನ ಪ್ರಮಾಣಪತ್ರವನ್ನು ಬಿಚ್ಚಿ, ಮೊಹರನ್ನು ಮಾತ್ರ ನೋಡಿ, ಅಂಥವೇ ನೂರಾರು ಕಾಗದಗಳ ಕಟ್ಟಿಗೆ ಸೇರಿಸಿದ. ಇಷ್ಟು ಕಷ್ಟಪಟ್ಟು ತಂದದ್ದನ್ನು ಓದದೆ ಇಡುವುದು ಸರಿಯೇ ಎಂದು ಕೇಳಿದೆ. ಅದರಲ್ಲಿ ಒಂದು ಸುಳ್ಳಿದೆ ಎಂದೂ ತಿಳಿಸಿದೆ. ಅವನು ತಲೆಯೆತ್ತದೆ ಉರ್ದುವಿನಲ್ಲಿ ಹೇಳಿದ ಮಾತಿನ ಅರ್ಥ ಇಷ್ಟು: ಇವನ್ನು ಓದಿ ನಂಬಿದರೆ ಇಲ್ಲಿಗೆ ಬರುವವರೆಲ್ಲ ಸಂತರು, ಸಂತರಿಗೆ ಪಾಠ ಹೇಳುವವರು ನಮ್ಮಲ್ಲಿಲ್ಲ. ನನ್ನ ಹೆಸರು ದಾಖಲಾತಿ ಪುಸ್ತಕಕ್ಕೆ ಏರಿತು.

ಎರಡು ತಿಂಗಳ ನಂತರ ಅವ್ವ ಅಂಚೆಯವನ ಕೈಯಲ್ಲಿ ಬರೆಸಿದ ಕಾಗದ ಬಂತು. ಹೊಸ ಅರ್ಜಿಯ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದಿದ್ದರಂತೆ. ಬಿಟ್ಟಿ ನಿಂತಿರಲಿಲ್ಲ, ಅದು ನಿಲ್ಲಲು ಮುಂದೆ ಬಹಳ ವರ್ಷಗಳೇ ಬೇಕಾದವು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಅರ್ಜಿಯ ಮೊದಲ ಸಾಲನ್ನು ಓದಿಕೊಂಡು ಬಂದಿದ್ದ ಆ ಅಧಿಕಾರಿ ತನ್ನ ಪೆಟ್ಟಿಗೆ, ಮಂಚಗಳನ್ನು ಬಂಡಿಯಲ್ಲಿ ಹೇರಿಕೊಂಡೇ ಬಂದು, ಬಂಡಿಯಲ್ಲಿ ಹೇರಿಕೊಂಡೇ ಹೋದರು. ಯಾರೂ ಕರೆಯದಿದ್ದರೂ ಹೊರಕೇರಿಯ ಆರು ಮಂದಿ ಊರ ಗಡಿಯವರೆಗೆ ಆ ಬಂಡಿಯ ಜೊತೆಜೊತೆಗೆ, ತಲೆಯ ಮೇಲೆ ಹೊರೆಯಿಲ್ಲದೆ ಕೈಬೀಸಿಕೊಂಡು ನಡೆದುಹೋದರೆಂದೂ, ಊರವರೆಲ್ಲ ನಿಂತು ಅದನ್ನು ನೋಡಿದರೆಂದೂ ಅವ್ವ ಬರೆಸಿದ್ದಳು.